ನಂಬದವಳ ಬೇಸರ

ಮಗಳು ತನ್ನ ಮದುವೆ ಹೇಗಾಗಬೇಕು ಎಂದು ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ನೀರುದೋಸೆ ಎರೆಯುತ್ತಿದ್ದೆ. ಅವಳು ಹೆರೆಮಣೆಯಲ್ಲಿ ಕುಳಿತು ಚಟ್ನಿಗೆ ಕಾಯಿ ಹೆರೆಯುತ್ತಿದ್ದಳು. ಹುಡುಗ ಯಾರು ಎಂಬುದು ನನಗೆ ಮೊದಲೇ ಗೊತ್ತಿತ್ತು. ಬೆಳ್ತಂಗಡಿ ಕಡೆಯವನು, ನಮ್ಮ ಪೈಕಿಯವನೇ. ಮಗಳು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವನು ಸೊಂಟ ಮುರಿದುಕೊಂಡ ತನ್ನ ಅಜ್ಜನನ್ನು ಅಲ್ಲಿಗೆ ಕರೆತರುತ್ತಿದ್ದಾಗ ಪರಿಚಯವಾದದ್ದು. ಎರಡು ಸಲ ನಮ್ಮ ಮನೆಗೆ ಬಂದು ಊಟ ಮಾಡಿದ್ದ. ಎರಡು ಸಲವೂ ತಾನು ಉಂಡ ಬಟ್ಟಲನ್ನು ತಾನೇ ತೊಳೆದಿಟ್ಟು ಹೋಗಿದ್ದ. ನನಗೆ ಯಾವ ತಕರಾರೂ ಇರಲಿಲ್ಲ. ಮೂಡುಬಿದಿರೆಯ ಸಬ್ ರಿಜಿಸ್ಟ್ರಾರ್ ಕಚೇರಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಅರ್ಜಿ ಹಾಕಿ ಒಂದು ತಿಂಗಳು ಕಾದರೆ ಆಯಿತು, ಆಮೇಲೆ ಹತ್ತಿರದವರಿಗೆ ಒಂದು ಊಟ, ಅಷ್ಟೇ ಎಂದುಕೊಂಡಿದ್ದೆ. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ರಿಜಿಸ್ಟರ್ ಎಲ್ಲ ಬೇಡ ಅಮ್ಮ" ಎಂದಳು ಮಗಳು. "ನನಗೆ ಧಾರೆ ಆಗ್ಬೇಕು. ಮೆಹಂದಿ, ಅರಸಿನ, ಎಲ್ಲ ಬೇಕು."

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅವಳು ಅದನ್ನು ಹೇಳಿದ ರೀತಿಯಲ್ಲಿ ಜಗಳದ ಸುಳಿವೇ ಇರಲಿಲ್ಲ. ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವ ಹಾಗೆ ಹೇಳಿದಳು. ನಾನು ಯಾಕೆ ಎಂದು ಕೇಳಿದೆ. ಅವಳು ಕಾಯಿ ಹೆರೆಯುವುದನ್ನು ನಿಲ್ಲಿಸದೆ, ಚಂದ ಕಾಣುತ್ತದೆ ಎಂದಳು. ಆಮೇಲೆ, ನೀನು ನಿನಗೆ ಬೇಡ ಅಂತ ಬಿಟ್ಟೆ, ನಾನು ನನಗೆ ಬೇಕು ಅಂತ ಮಾಡಿಕೊಳ್ಳುತ್ತೇನೆ, ಎರಡೂ ಒಂದೇ ಅಲ್ಲವಾ ಎಂದು ಕೇಳಿದಳು. ಒಂದೇ ಅಲ್ಲ ಎಂದು ನನಗೆ ಅನ್ನಿಸಿತು. ಆದರೆ ಯಾಕೆ ಅಲ್ಲ ಎಂದು ವಿವರಿಸಲು ಹೊರಟರೆ ದೋಸೆ ಸೀದುಹೋಗುತ್ತಿತ್ತು.

ನಾನು ಮೂವತ್ತನಾಲ್ಕು ವರ್ಷ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವಳು. ಮನೆ ಮನೆಗೆ ಹೋಗಿ ಬಸುರಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಕೊಡುವುದು, ಜ್ವರ ಬಂದವರ ರಕ್ತ ತೆಗೆಯುವುದು ನನ್ನ ಕೆಲಸ. ಮೊದಲು ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಗಳಲ್ಲಿ, ಮತ್ತೆ ಬಂಟ್ವಾಳದಲ್ಲಿ, ಕೊನೆಗೆ ಮೂಡುಬಿದಿರೆಯಲ್ಲಿ. ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಡೆದ ದಾರಿಯೆಲ್ಲ ಈಗ ನನ್ನ ಮೊಣಕಾಲುಗಳಲ್ಲಿ ಕುಳಿತಿದೆ. ಆ ಕೆಲಸದಲ್ಲಿ ನಡೆದದ್ದಕ್ಕಿಂತ ಹೆಚ್ಚು ಮಾಡಿದ್ದು ವಾದ. ಹೆತ್ತವಳಿಗೆ ನೀರು ಕೊಡಬಾರದು ಎನ್ನುವ ಅತ್ತೆಯರೊಂದಿಗೆ, ಮೊದಲ ದಿನದ ಹಾಲು ಹಿಂಡಿ ಚೆಲ್ಲಬೇಕು ಎನ್ನುವ ಅಜ್ಜಿಯರೊಂದಿಗೆ ಜಗಲಿಯಲ್ಲಿ ಕುಳಿತು ಗಂಟೆಗಟ್ಟಲೆ ಮಾತಾಡಿದ್ದೇನೆ. ಆಗೆಲ್ಲ ಬಾಗಿಲ ಹಿಂದೆ ನಿಂತ ಹೊಸ ಸೊಸೆಯರು ನನ್ನ ಕಡೆ ಇರುತ್ತಿದ್ದರು. ಬಾಯಿಬಿಟ್ಟು ಹೇಳದಿದ್ದರೂ ಅವರ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ಮುದುಕಿಯರ ಕಾಲ ಮುಗಿದರೆ ಇದೆಲ್ಲ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ನನಗಿತ್ತು. ನಿವೃತ್ತಿಗೆ ಮೊದಲಿನ ಕೆಲವು ವರ್ಷಗಳಲ್ಲಿ ಪದವಿ ಓದಿದ ಹುಡುಗಿಯರು ಸಿಸೇರಿಯನ್ನಿಗೆ ಮುಹೂರ್ತ ಇಡಿಸಿಕೊಂಡು ಬರತೊಡಗಿದರು. ಮೊದಲನೆಯವಳೊಡನೆ ವಾದಿಸಿದೆ. ಆಮೇಲಿನವರಿಗೆ ಆಯಿತು ಎಂದಷ್ಟೇ ಹೇಳಿದೆ.

ನನ್ನ ಗಂಡ ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವರು. ಬೇಸಿಗೆಯಲ್ಲಿ ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಈ ಸುತ್ತಿನ ಅರ್ಧ ಮದುವೆಗಳ ಕಾಗದ ಅವರ ಕೈಯಲ್ಲೇ ಅಚ್ಚಾಗುತ್ತಿತ್ತು. ಅವರು ಯಾರಿಗೂ ಏನೂ ಬೋಧಿಸುತ್ತಿರಲಿಲ್ಲ. ಕರೆದ ಮದುವೆಗೆಲ್ಲ ಹೋಗಿ ಉಂಡು ಬರುತ್ತಿದ್ದರು. ಆದರೆ ನಮ್ಮ ಮದುವೆಯ ಮಾತು ಬಂದಾಗ ನಾನು ರಿಜಿಸ್ಟರ್ ಆಗುವ ಎಂದ ತಕ್ಷಣ ಒಪ್ಪಿದ್ದರು. ಬೆಳ್ತಂಗಡಿಯ ಕಚೇರಿಯಲ್ಲಿ ಸಹಿ ಹಾಕಿ, ಎರಡು ಹಾರ ಬದಲಾಯಿಸಿ, ಎದುರಿನ ಹೋಟೆಲಿನಲ್ಲಿ ಸಾಕ್ಷಿ ಹಾಕಿದವರಿಗೆ ಬನ್ಸ್, ಚಹಾ ಕೊಡಿಸಿದೆವು. ಮರುದಿನ ನನಗೆ ಚುಚ್ಚುಮದ್ದಿನ ದಿನ, ಕೆಲಸಕ್ಕೆ ಹೋದೆ. ಮಗಳ ಮದುವೆಯ ಹೊತ್ತಿಗೆ ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಎದೆನೋವು ಎಂದು ಪ್ರೆಸ್ಸಿನ ಬೆಂಚಿನ ಮೇಲೆ ಮಲಗಿದವರು ಏಳಲಿಲ್ಲ.

ಮಗಳ ನಿರ್ಧಾರ ಕೇಳಿ ಅತ್ಯಂತ ಸಂತೋಷಪಟ್ಟವಳು ನನ್ನ ಅಮ್ಮ. ಅಮ್ಮನಿಗೆ ಎಂಬತ್ತಾರು. ಬೆಳುವಾಯಿಯಲ್ಲಿ ನನ್ನ ಅಣ್ಣನ ಮನೆಯಲ್ಲಿ ಇದ್ದಾಳೆ. ಕೋಲು ಹಿಡಿದು ನಡೆಯುತ್ತಾಳೆ, ಒಂದು ಕಣ್ಣು ಪೂರ್ತಿ ಹೋಗಿದೆ, ನೆನಪು ಮಾತ್ರ ನನಗಿಂತ ಚೆನ್ನಾಗಿದೆ. ಮೊಮ್ಮಗಳು ಪ್ರತಿ ಸಂಜೆ ಬಸ್ಸಿನಲ್ಲಿ ಬರುತ್ತ ಅಜ್ಜಿಗೆ ಫೋನ್ ಮಾಡುವುದು ಶುರುವಾಯಿತು. ಇವಳು ಮೆಹಂದಿ ಎಂದರೆ ಅವಳು ಮದರಂಗಿ ಎನ್ನುತ್ತಿದ್ದಳು, ಆದರೆ ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ, ಕುಟುಂಬದ ದೈವಕ್ಕೆ ಯಾವ ದಿನ ಪ್ರಾರ್ಥನೆ, ಮೈಗೆ ಎಣ್ಣೆ ಹಚ್ಚುವವರು ಯಾರು, ಹೀಗೆ. ಬೆಳುವಾಯಿಗೆ ಹೋದರೆ ಅಜ್ಜಿಯ ಮಂಚದ ಮೇಲೆ ಇಬ್ಬರೂ ಕುಳಿತಿರುತ್ತಿದ್ದರು. ನಾನು ಒಳಗೆ ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ನನ್ನನ್ನು ದೂರವಿಡಬೇಕೆಂದಲ್ಲ. ಇವಳಿಗೆ ಇದೆಲ್ಲ ರುಚಿಸುವುದಿಲ್ಲ ಎಂಬ ಮರ್ಯಾದೆಯಿಂದ.

ನಿಶ್ಚಯದ ಮಾತಿಗೆ ನಾವು ನಾಲ್ಕು ಜನ ಹುಡುಗನ ಮನೆಗೆ ಹೋದೆವು. ನಾನು, ಮಗಳು, ಅಮ್ಮ, ಅಣ್ಣ. ಅಣ್ಣನದೇ ಕಾರು. ಅವರ ಮನೆ ಬೆಳ್ತಂಗಡಿಯಿಂದ ಒಳಗೆ, ರಬ್ಬರ್ ತೋಟದ ನಡುವೆ. ಒಳ್ಳೆಯ ಜನ. ನನಗೆ ಮೊಣಕಾಲು ನೋವು ಎಂದು ಗೊತ್ತಾಗಿ ತಗ್ಗಿನ ಸೋಫಾದಿಂದ ಎಬ್ಬಿಸಿ ಎತ್ತರದ ಕುರ್ಚಿ ತಂದುಕೊಟ್ಟರು. ದಿನ ಗೊತ್ತಾಯಿತು, ಹಾಲ್ ಯಾವುದು ಎಂದು ಗೊತ್ತಾಯಿತು, ಅಡುಗೆಯವರ ಮಾತಾಯಿತು. ಆಮೇಲೆ ಹುಡುಗನ ದೊಡ್ಡಪ್ಪ ಎಲೆ ಅಡಿಕೆಯ ಹರಿವಾಣವನ್ನು ನನ್ನ ಅಣ್ಣನ ಕಡೆಗೆ ಸರಿಸುತ್ತ, ಧಾರೆ ಎರೆಯುವುದು ಯಾರು ಎಂದು ವಿಚಾರಿಸಿದರು.

ಅಣ್ಣ ನನ್ನ ಮುಖ ನೋಡಿದರು. ನನಗೆ ಆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಗಳನ್ನು ಕೊಡುವವಳು ನಾನು. ವಧೂವರರ ಕೈ ಸೇರಿಸಿ ನೀರು ಬಿಡುವುದೆಂದರೆ ತಂದೆತಾಯಿ, ತಂದೆ ಇಲ್ಲದಿದ್ದರೆ ತಾಯಿ ಎಂದೇ ನಾನು ತಿಳಿದಿದ್ದೆ. ತಿಳಿದಿದ್ದೆ ಎನ್ನುವುದೂ ತಪ್ಪು, ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ದೊಡ್ಡಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ನೀವು ತಪ್ಪು ತಿಳ್ಕೊಳ್ಬಾರ್ದು. ಹುಡುಗಿಯ ಮಾವ, ಅತ್ತೆ ಇದ್ದಾರಲ್ಲ, ಅವರು ಜೋಡಿ ನಿಂತು ಎರೆದ್ರೆ ಚಂದ. ಭಟ್ರು ಕೂಡ ಹಾಗೇ ಹೇಳಿದ್ದು."

ಅವರ ದನಿಯಲ್ಲಿ ಅವಮಾನ ಮಾಡುವ ಯೋಚನೆ ಇರಲಿಲ್ಲ. ನಿಜಕ್ಕೂ ಸಂಕೋಚದಿಂದಲೇ ಹೇಳಿದ್ದು. ನಾನು ಅಮ್ಮನನ್ನು ನೋಡಿದೆ. ಅವಳು ಸಣ್ಣಗೆ ತಲೆ ಆಡಿಸುತ್ತಿದ್ದಳು, ಸರಿಯಾದ ಮಾತು ಎನ್ನುವ ಹಾಗೆ. ಮಗಳನ್ನು ನೋಡಿದೆ. ಅವಳು ಬಟ್ಟಲಿನಲ್ಲಿದ್ದ ಚಕ್ಕುಲಿಯನ್ನು ಸಣ್ಣ ಸಣ್ಣ ತುಂಡು ಮಾಡುತ್ತಿದ್ದಳು. ಹುಡುಗ ಒಳಗೆ ಯಾವುದೋ ಕೆಲಸದಲ್ಲಿದ್ದ. ನಾನು ಅಣ್ಣನಿಗೆ, ನೀವೇ ಮಾಡಿ ಎಂದೆ. ಮಾತು ಅಲ್ಲಿಗೆ ಮುಗಿದು ಊಟದ ಸಂಗತಿಗೆ ಹೋಯಿತು.

ನಮ್ಮ ಪೈಕಿಯಲ್ಲಿ ಹಿಂದೆ ಇದೆಲ್ಲ ಇಷ್ಟು ಬಿಗಿ ಇರಲಿಲ್ಲ, ಭಟ್ಟರೇ ಬರುತ್ತಿರಲಿಲ್ಲ, ಜಾತಿಯ ಮುಖ್ಯಸ್ಥರಾದ ಗುರಿಕಾರರೇ ಮದುವೆ ಮಾಡಿಸುತ್ತಿದ್ದರು ಎಂದು ಹೇಳುವವರಿದ್ದಾರೆ. ಇರಬಹುದು. ನಾನು ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಗುರುವಾಯನಕೆರೆ ದಾಟಿ ವೇಣೂರಿನ ದಾರಿ ಹಿಡಿದೆವು. ಅಮ್ಮ, ಮನೆ ಒಳ್ಳೆಯದು, ಬಾವಿಯಲ್ಲಿ ನೀರುಂಟು ಎಂದು ಎರಡು ಸಲ ಹೇಳಿದಳು. ಮೂಡುಬಿದಿರೆಯಲ್ಲಿ ನಮ್ಮಿಬ್ಬರನ್ನು ಇಳಿಸಿ ಅವರು ಬೆಳುವಾಯಿಗೆ ಹೋದರು. ನಾನು ಸೀರೆ ಬದಲಾಯಿಸಿ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದೆ. ಮಗಳು ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತಳು. ಸ್ವಲ್ಪ ಹೊತ್ತು ನೋಡಿ, "ನಿನಗೆ ಬೇಜಾರಾಯ್ತಾ?" ಎಂದು ಕೇಳಿದಳು.

ಆಯಿತು ಎಂದೆ. ಸುಳ್ಳು ಹೇಳುವಷ್ಟು ಚೈತನ್ಯ ಇರಲಿಲ್ಲ.

"ನೀನು ಇದನ್ನೆಲ್ಲ ನಂಬುವುದಿಲ್ಲ ಅಲ್ವಾ ಅಮ್ಮ. ಮತ್ತೆ ಬೇಜಾರು ಯಾಕೆ?"

ಅವಳು ಚುಚ್ಚಲೆಂದು ಕೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ತಿಳಿಯಬೇಕಿತ್ತು. ರೋಗಿಯ ಕಾಲು ಮಡಚಿ ಎಲ್ಲಿ ನೋವು ಎಂದು ಕೇಳುವ ಅವಳ ಕೆಲಸದ ದನಿಯೇ ಅದರಲ್ಲಿತ್ತು. ಮೂವತ್ತನಾಲ್ಕು ವರ್ಷ ಜಗಲಿ ಜಗಲಿಗಳಲ್ಲಿ ಕುಳಿತು ಎಂತೆಂಥ ಪ್ರಶ್ನೆಗಳಿಗೋ ಉತ್ತರ ಕೊಟ್ಟವಳು ನಾನು. ಮಳೆ ಬರಬಹುದು, ಆ ಟವೆಲ್ ತೆಗೆ ಎಂದೆ. ಅವಳು ತೆಗೆದಳು.

ಯಾಕೆ ಬೇಜಾರು ಎಂದು ಆಮೇಲೆ ಅನೇಕ ದಿನ ಯೋಚಿಸಿದೆ. ಯೋಚಿಸುವಾಗಲೆಲ್ಲ ನೆನಪಾಗುತ್ತಿದ್ದದ್ದು ನನ್ನ ಅಕ್ಕನ ಮದುವೆ.

ನನ್ನ ಅಪ್ಪ ಕಾಮಾಲೆಯಾಗಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಮ್ಮನಿಗೆ ಮೂವತ್ತಮೂರು. ಅಕ್ಕನ ಮದುವೆಯಾದದ್ದು ನನ್ನ ಹದಿನೇಳನೇ ವಯಸ್ಸಿನಲ್ಲಿ, ಬೆಳುವಾಯಿಯ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ. ಆ ಮದುವೆಗೆ ವರ್ಷಗಟ್ಟಲೆ ದುಡಿದದ್ದು ಅಮ್ಮ. ಗದ್ದೆ ಕೆಲಸ ಮುಗಿಸಿ ಬಂದು ಬೀಡಿ ಕಟ್ಟುತ್ತಿದ್ದಳು. ಮದುವೆಯ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದು ಮಿಂದು, ಬಿಳಿಯ ಅಂಚಿಲ್ಲದ ಸೀರೆ ಉಟ್ಟು ಅಡುಗೆಕೋಣೆ ಸೇರಿದಳು. ಧಾರೆಯ ಹೊತ್ತಿಗೆ ನಾನು ಅವಳನ್ನು ಕರೆಯಲು ಒಳಗೆ ಓಡಿದೆ. ಅಡುಗೆಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ ಅದರ ಹಿಂದೆ ನಿಂತು ಸಂದಿಯಿಂದ ಅಂಗಳ ನೋಡುತ್ತಿದ್ದಳು. ಬಾ ಎಂದು ಕೈ ಎಳೆದೆ. ಅಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಹೊರಗೆ ನಮ್ಮ ಸೋದರಮಾವ, ಅತ್ತೆ ಅಕ್ಕನಿಗೆ ಧಾರೆ ಎರೆದರು. ಎಲ್ಲ ಮುಗಿದ ಮೇಲೆ ಅಕ್ಕ ಒಳಗೆ ಬಂದಳು. ಆಗ ಅಮ್ಮ ಅಲ್ಲಿಯೇ, ಒಲೆಯ ಪಕ್ಕದಲ್ಲಿ, ಅವಳ ತಲೆಗೆ ಸೇಸೆ ಅಕ್ಕಿ ಹಾಕಿ ಹರಸಿದಳು.

ನನ್ನ ಮದುವೆಯಲ್ಲಿ ಹೀಗಾಗಕೂಡದು ಎಂದು ನಾನು ಅವತ್ತೇ ತೀರ್ಮಾನಿಸಿದೆ. ರಿಜಿಸ್ಟರ್ ಮದುವೆಯಲ್ಲಿ ಬಾಗಿಲ ಹಿಂದೆ ನಿಲ್ಲುವವರು ಯಾರೂ ಇಲ್ಲ. ಅಮ್ಮ ನನ್ನ ಪಕ್ಕದಲ್ಲಿ ನಿಂತು ಸಾಕ್ಷಿಗೆ ಸಹಿ ಹಾಕಬೇಕು, ಅದು ನನ್ನ ಆಸೆ. ನಾಲ್ಕನೇ ಕ್ಲಾಸು ಓದಿದವಳು, ಸಹಿ ಹಾಕಲು ಬರುತ್ತಿತ್ತು. ಆದರೆ ಅಮ್ಮ ಬರಲಿಲ್ಲ. ಆಮೇಲೆ ಎರಡು ವರ್ಷ ನನ್ನೊಡನೆ ಮಾತಾಡಲೂ ಇಲ್ಲ. ಮಗಳು ಹುಟ್ಟಿದ ಮೇಲೆ ಒಂದು ದಿನ ಎಣ್ಣೆ, ಬಜೆ ಬೇರು ಹಿಡಿದುಕೊಂಡು ಬಂದು, ಏನೂ ನಡೆಯದವಳಂತೆ ಮಗುವನ್ನು ಮೀಯಿಸಲು ಕುಳಿತಳು. ಆ ಎರಡು ವರ್ಷದ ಬಗ್ಗೆ ನಾವು ಯಾವತ್ತೂ ಮಾತಾಡಿರಲಿಲ್ಲ.

ಮಾತಾಡಿದ್ದು ಈ ಮದುವೆಯ ಕಾಗದ ಕೊಡಲು ಹೋದಾಗ. ನನ್ನ ಗಂಡನ ತಂಗಿಯ ಮನೆ ಕನ್ಯಾನದಲ್ಲಿ. ವಾಟ್ಸಾಪಿನಲ್ಲಿ ಕಳುಹಿಸಿದರೆ ಸಾಕು ಎಂದು ಮಗಳು ಹೇಳಿದ್ದಳು, ಆದರೆ ಅಮ್ಮ ಕೇಳಲಿಲ್ಲ. ಮನೆಗೆ ಹೋಗಿಯೇ ಕರೆಯಬೇಕು, ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಬಿ.ಸಿ.ರೋಡಿನಲ್ಲಿ ಹೆದ್ದಾರಿಯ ಕೆಲಸ ನಡೆದು ಧೂಳೋ ಧೂಳು. ಕಲ್ಲಡ್ಕದಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಡ್ರೈವರ್ ಬೇರೆ ಮೇಜಿನಲ್ಲಿ ಕುಳಿತ. ಅಮ್ಮ ಬಿಸ್ಕೂಟನ್ನು ಚಹಾಕ್ಕೆ ಅದ್ದಿ, ಅದು ಮೆತ್ತಗಾಗುವುದನ್ನು ಕಾಯುತ್ತಿದ್ದಳು. ಆಗ ಕೇಳಿದೆ, ಅಕ್ಕನ ಮದುವೆಯಲ್ಲಿ ಬಾಗಿಲ ಹಿಂದೆ ನಿಂತಾಗ ನಿನಗೆ ಬೇಜಾರಾಗಿರಲಿಲ್ಲವಾ ಎಂದು.

ಅಮ್ಮ ಬಿಸ್ಕೂಟು ತಿಂದು ಮುಗಿಸಿದಳು. ಆಮೇಲೆ, "ಆಗದೆ ಇರ್ತದಾ?" ಎಂದಳು. "ಆದ್ರೆ ಅದಕ್ಕಿಂತ ಹೆಚ್ಚು ಬೇಜಾರು ನಿನ್ನ ಮದುವೆಯಲ್ಲಿ ಆಯ್ತು. ಅಲ್ಲಿ ನಿಲ್ಲಲಿಕ್ಕೆ ಒಂದು ಬಾಗಿಲಾದ್ರೂ ಇತ್ತು. ನಿನ್ನ ಮದುವೆಯಲ್ಲಿ ನನಗೆ ಅದೂ ಇರ್ಲಿಲ್ಲ."

ನಾನು ಕರೆದಿದ್ದೆನಲ್ಲ, ಸಹಿ ಹಾಕು ಎಂದಿದ್ದೆನಲ್ಲ ಎಂದೆ.

"ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದ್ದಿ. ಇಂಥ ದಿನ, ಇಷ್ಟು ಗಂಟೆಗೆ, ಬೆಳ್ತಂಗಡಿಗೆ ಬಾ ಅಂತ. ನನಗೆ ಎಂತ ಬೇಕು ಅಂತ ನೀನು ಕೇಳಿದ್ದುಂಟಾ? ನಿನ್ನ ತಲೆಗೆ ನಾಲ್ಕು ಕಾಳು ಅಕ್ಕಿ ಹಾಕ್ಬೇಕು ಅಂತ ಇತ್ತು ನನಗೆ."

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಸಿಟ್ಟು, ಎಲ್ಲಿ ಉಳಿದೀತು. ನಾನು ಅವಳಿಗಾಗಿಯೇ ಹಾಗೆ ಮಾಡಿದ್ದು ಎಂದು ಹೇಳಬೇಕೆನಿಸಿತು. ಹೇಳಿದೆ ಕೂಡ. ಅಮ್ಮ ಕೇಳಿಸಿಕೊಂಡು, ಇರಬಹುದು ಎಂದಳು. ಲೋಟ ಖಾಲಿ ಮಾಡಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೊತ್ತಾಯಿತು, ಹೋಗುವ ಎಂದಳು. ವಿಟ್ಲ ದಾಟುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಏನು ನೋಡಿದೆ ಎಂದು ನೆನಪಿಲ್ಲ. ಕನ್ಯಾನದಲ್ಲಿ ನಾದಿನಿ ಇಬ್ಬರಿಗೂ ಬೊಂಡ ಕೆತ್ತಿ ಎಳನೀರು ಕೊಟ್ಟಳು. ಕಾಗದದಲ್ಲಿ ತನ್ನ ಅಣ್ಣನ ಹೆಸರಿನ ಮುಂದಿನ 'ದಿ.' ಅಕ್ಷರದ ಮೇಲೆ ಬೆರಳಿಟ್ಟು ಸ್ವಲ್ಪ ಅತ್ತಳು. ವಾಪಸ್ಸು ಬರುವಾಗ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಮದುವೆಯ ಹಿಂದಿನ ದಿನ ಸಂಜೆ ಮೆಹಂದಿ. ಅಣ್ಣನ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಬಣ್ಣದ ಬಟ್ಟೆ, ಪ್ಲಾಸ್ಟಿಕ್ ಹೂ, ಎದೆಗೆ ಗುದ್ದುವಂಥ ಹಾಡು. ಮಗಳ ಗೆಳತಿಯರು ಎಲ್ಲ ಒಂದೇ ಬಣ್ಣದ ಉಡುಪು ತೊಟ್ಟಿದ್ದರು. ಮೆಹಂದಿ ಹಾಕಲು ಇಬ್ಬರು ಹುಡುಗಿಯರು ಕೋನ್ ಹಿಡಿದು ಬಂದಿದ್ದರು. ಮಗಳಿಗೆ ಮೊಣಕೈವರೆಗೆ ಹಾಕಿ ಮುಗಿಸಲು ಮೂರು ಗಂಟೆ ಹಿಡಿಯಿತು. ಅದಕ್ಕೆ ಮೊದಲು, ಕೈಗಳು ಇನ್ನೂ ಖಾಲಿಯಿದ್ದಾಗ, ಅವಳು ಒಂದು ಕೋನ್ ಕಸಿದುಕೊಂಡು ಅಜ್ಜಿಯ ಬಳಿ ಹೋಗಿ ಅವಳ ಅಂಗೈ ಬಿಡಿಸಿದಳು. ಅಮ್ಮ ಬೇಡ ಬೇಡ ಎಂದು ಕೈ ಎಳೆದುಕೊಂಡಳು. ಗಂಡ ಸತ್ತ ಮೇಲೆ, ಐವತ್ತು ಮೀರಿದ ವರ್ಷಗಳಲ್ಲಿ, ಅವಳು ಮದರಂಗಿ ಮುಟ್ಟಿದವಳಲ್ಲ. ಮಗಳು ನಗುತ್ತ, ಅಜ್ಜಿ ಸುಮ್ಮನೆ ಕೂತುಕೊಳ್ಳಿ ಎಂದು ಅಂಗೈಯ ನಡುವೆ ಒಂದು ದೊಡ್ಡ ಚುಕ್ಕೆ, ಅದರ ಸುತ್ತ ಸಣ್ಣ ಸಣ್ಣ ಚುಕ್ಕೆ ಇಟ್ಟಳು. ಸುತ್ತ ನಿಂತ ಹೆಂಗಸರಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಅಮ್ಮ ಆ ಕೈಯನ್ನು ಮಡಿಲಿನ ಮೇಲೆ ತೆರೆದಿಟ್ಟುಕೊಂಡು, ಒಣಗಿದ ಮೇಲೂ ಹಾಗೆಯೇ ತೆರೆದಿಟ್ಟುಕೊಂಡು ಕುಳಿತಿದ್ದಳು.

ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ನಾನಾಗಿದ್ದರೆ ಅದಕ್ಕೆ ಎಷ್ಟು ವಾದ ಮಾಡುತ್ತಿದ್ದೆ. ವಿಧವೆಯರಿಗೆ ಯಾಕೆ ಬಾರದು ಎಂದು ಎಲ್ಲರನ್ನೂ ಕೂರಿಸಿ ಕೇಳುತ್ತಿದ್ದೆ, ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಮಗಳು ಒಂದು ನಗುವಿನಲ್ಲಿ ಮಾಡಿಬಿಟ್ಟಳು. ಅದೇ ಮಗಳು ಬೆಳ್ತಂಗಡಿಯ ಆ ಮನೆಯಲ್ಲಿ ಚಕ್ಕುಲಿ ಪುಡಿ ಮಾಡುತ್ತ ಸುಮ್ಮನೆ ಕುಳಿತಿದ್ದಳು. ಎರಡನ್ನೂ ಕೂಡಿಸಿ ಅರ್ಥ ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಅವಳು ನನ್ನ ಕೈಯನ್ನೂ ಹಿಡಿದಳು. ಪಾತ್ರೆ ತೊಳೆಯಲಿಕ್ಕೆ ಉಂಟು ಎಂದು ಬಿಡಿಸಿಕೊಂಡೆ. ಪಾತ್ರೆ ತೊಳೆಯಲು ಬೇರೆ ಜನ ಇದ್ದರು.

ಹಾಲ್ ತೋಡಾರಿನ ಹತ್ತಿರ. ಧಾರೆಯ ಹೊತ್ತಿಗೆ ಅಣ್ಣ ಪಟ್ಟೆ ಪಂಚೆ, ಅತ್ತಿಗೆ ಹೊಸ ಸೀರೆ ಉಟ್ಟು ವೇದಿಕೆ ಹತ್ತಿದರು. ಅತ್ತಿಗೆ ಹತ್ತುವ ಮೊದಲು ನನ್ನ ಬಳಿ ಬಂದು, ನೀನೇ ಎರೆಯಬೇಕಿತ್ತು ಮಾರಾಯ್ತಿ ಎಂದು ಕಿವಿಯಲ್ಲಿ ಹೇಳಿ ಹೋದಳು. ನಾನು ಎರಡನೇ ಸಾಲಿನಲ್ಲಿ ಅಮ್ಮನ ಪಕ್ಕ ಕುಳಿತೆ. ಮುಂದಿನ ಸಾಲು ಹುಡುಗನ ಕಡೆಯ ಹಿರಿಯರಿಗೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ. ಮುಹೂರ್ತದ ಹೊತ್ತಿಗೆ ಫೋಟೋದವರು, ವಿಡಿಯೋದವರು, ಅವರಿಗೆ ದೀಪ ಹಿಡಿಯುವವರು, ಮೊಬೈಲ್ ಹಿಡಿದ ನೆಂಟರು ಎಲ್ಲ ಸೇರಿ ವೇದಿಕೆಯ ಮುಂದೆ ಒಂದು ಗೋಡೆ ಕಟ್ಟಿದರು. ಕುಳಿತವರಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ವೇದಿಕೆಯ ಎರಡೂ ಪಕ್ಕದಲ್ಲಿ ದೊಡ್ಡ ಪರದೆ ಇಟ್ಟಿದ್ದರು, ಸಭೆಯೆಲ್ಲ ಅದನ್ನೇ ನೋಡುತ್ತಿತ್ತು. ಮೊಮ್ಮಗಳ ಧಾರೆಯನ್ನು ಕಣ್ಣಾರೆ ನೋಡಬೇಕೆಂದು ಆರು ತಿಂಗಳಿಂದ ಕಾದ ಅಮ್ಮನಿಗೆ ಪರದೆಯೂ ಕಾಣುತ್ತಿರಲಿಲ್ಲ. ಇದ್ದ ಒಂದು ಕಣ್ಣಿಗೆ ಅದರ ಬೆಳಕು ಕುಕ್ಕುತ್ತಿತ್ತು.

"ಈಗ ಎಂತ ಆಗ್ತಾ ಉಂಟು?" ಎಂದು ನನ್ನನ್ನು ಕೇಳಿದಳು.

ನಾನು ಪರದೆ ನೋಡಿ ಹೇಳತೊಡಗಿದೆ. ಈಗ ನಡುವೆ ಬಟ್ಟೆ ಹಿಡಿದಿದ್ದಾರೆ. ಈಗ ಬಟ್ಟೆ ತೆಗೆದರು. ಇವಳು ಹಾರ ಹಾಕಿದಳು, ಅವನು ಬಗ್ಗಿದ. ಈಗ ಇಬ್ಬರ ಕೈ ಸೇರಿಸಿದ್ದಾರೆ, ನಡುವೆ ತೆಂಗಿನಕಾಯಿ ಉಂಟು. ಅಣ್ಣ ಗಿಂಡಿ ಎತ್ತಿದರು, ಅತ್ತಿಗೆ ಕೈ ಹಿಡಿದಿದ್ದಾಳೆ. ವಾದ್ಯದ ಗದ್ದಲದಲ್ಲಿ ಅಮ್ಮನಿಗೆ ಕೇಳಿಸಬೇಕೆಂದು ಅವಳ ಕಿವಿಗೆ ಬಾಯಿ ಹಚ್ಚಿ ಹೇಳಬೇಕಿತ್ತು. ಅವಳ ತಲೆಯಿಂದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು.

"ನೀರು ಬಿತ್ತಾ?"

"ಬಿತ್ತು" ಎಂದೆ.

ಅಮ್ಮ ಕೈ ಮುಗಿದಳು. ಮದರಂಗಿಯ ಚುಕ್ಕೆ ಕೆಂಪಗೆ ಹತ್ತಿತ್ತು. ನಾನು ಅಳಲಿಲ್ಲ. ತುಂಬ ದೂರ ನಡೆದು ಬಂದು ಕುಳಿತ ಹಾಗೆ ಅನ್ನಿಸುತ್ತಿತ್ತು, ಅಷ್ಟೇ. ಆಮೇಲೆ ಸೇಸೆಗೆ ಸಾಲು ನಿಂತಾಗ ಯಾರು ಬರಬಹುದು, ಯಾರು ಬರಬಾರದು ಎಂದು ಯಾರೂ ನೋಡಲಿಲ್ಲ. ಜನ ಊಟಕ್ಕೆ ಅವಸರದಲ್ಲಿದ್ದರು. ನಾನು ಅಮ್ಮನನ್ನು ಹಿಡಿದುಕೊಂಡು ಹತ್ತಿಸಿದೆ. ಅವಳು ಹಾಕಿದಳು, ನಾನೂ ಹಾಕಿದೆ. ಫೋಟೋದವನು ನನಗೆ ಸ್ವಲ್ಪ ನಗಲು ಹೇಳಿದ.

ನಾಲ್ಕು ತಿಂಗಳಾದ ಮೇಲೆ ಮದುವೆಯ ವಿಡಿಯೋ ಬಂತು. ಮಗಳು ಅದನ್ನು ನೋಡಲೆಂದು ಒಂದು ಶನಿವಾರ ಮನೆಗೆ ಬಂದಳು. ಒಬ್ಬಳೇ ಬಂದಿದ್ದಳು. ಟಿ.ವಿ.ಗೆ ಹಾಕಿ ಇಬ್ಬರೂ ಕುಳಿತೆವು. ಧಾರೆಯ ಭಾಗ ಬಂದಾಗ ಅವಳು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದಳು. ಆಮೇಲೆ ನಿಲ್ಲಿಸಿ, ನೀನು ಎಲ್ಲಿದ್ದೆ ಎಂದು ಕೇಳಿದಳು. ಕೆಳಗೆ ಅಜ್ಜಿಯ ಪಕ್ಕ ಎಂದೆ. ಅವಳು ರಿಮೋಟನ್ನು ಮಡಿಲಲ್ಲಿಟ್ಟುಕೊಂಡಳು.

"ಅವತ್ತು ಅವರ ಮನೆಯಲ್ಲಿ ನಾನು ಏನಾದ್ರೂ ಹೇಳ್ಬೇಕಿತ್ತಾ?"

ಇಲ್ಲ, ಪರವಾಗಿಲ್ಲ ಎನ್ನುವ ಮಾತು ನಾಲಿಗೆಗೆ ಬಂತು. ಮೊದಲಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ. "ಹೇಳ್ಬಹುದಿತ್ತು" ಎಂದೆ.

ಅವಳು ತಲೆ ಆಡಿಸಿದಳು. ತನಗೆ ಹೆದರಿಕೆಯಾಯಿತು ಎಂದಳು. ಮದುವೆ ನಿಂತೀತು ಎಂದಲ್ಲ, ಆರಂಭದಲ್ಲೇ ಒಂದು ಕಹಿ ಉಳಿದೀತು ಎಂದು. ನೀನಾದರೂ ಜಗಳ ಮಾಡುತ್ತೀ ಎಂದುಕೊಂಡಿದ್ದೆ, ನೀನು ಯಾವಾಗಲೂ ಮಾಡುವವಳಲ್ಲವಾ, ನೀನು ಸುಮ್ಮನಿದ್ದದ್ದು ನೋಡಿ ನಿನಗೆ ಲೆಕ್ಕವೇ ಇಲ್ಲವೇನೋ ಅನ್ನಿಸಿತು ಎಂದಳು. ನನಗೆ ಅದು ಹೊಸ ಸಂಗತಿ. ಅವಳು ನನ್ನ ಜಗಳಕ್ಕೆ ಕಾದಿದ್ದಳು. ನಾನು ಅವಳ ಒಂದು ಮಾತಿಗೆ ಕಾದಿದ್ದೆ. ನನಗೆ ಸುಸ್ತಾಗಿತ್ತು ಮಗಾ ಎಂದೆ. ಕ್ಷಮಿಸು ಎಂದು ಅವಳೂ ಹೇಳಲಿಲ್ಲ, ನಾನೂ ಬಯಸಲಿಲ್ಲ. ಅಂಗಡಿಯ ಗೋಳಿಬಜೆ ತರಿಸಿ ತಿಂದು ಉಳಿದ ವಿಡಿಯೋ ನೋಡಿದೆವು. ಊಟದ ಪಂಕ್ತಿಯಲ್ಲಿ ನಾನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವುದು ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು.

ಈಗ ಅವಳು ಆರು ತಿಂಗಳ ಬಸುರಿ. ಮುಂದಿನ ತಿಂಗಳು ಬಯಕೆ ಶಾಸ್ತ್ರ. ಮೊನ್ನೆ ಫೋನ್ ಮಾಡಿ, ಗಂಡನ ಮನೆಯಲ್ಲಿ ಎಲ್ಲರ ಎದುರು ಹೇಳಿಬಿಟ್ಟೆ ಎಂದಳು. ಆರತಿ ಮೊದಲು ತನ್ನ ಅಮ್ಮನೇ ಎತ್ತಬೇಕು, ಆಗುವುದಿಲ್ಲ ಎಂದಾದರೆ ಬಯಕೆಯೇ ಬೇಡ ಎಂದಳಂತೆ. ದೊಡ್ಡಪ್ಪ ಏನು ಹೇಳಿದರು ಎಂದು ಕೇಳಿದೆ. ಏನೂ ಹೇಳಲಿಲ್ಲ, ಪೇಪರ್ ಓದುತ್ತಿದ್ದರು ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷ ಇತ್ತು. ನಾನು ಸಂತೋಷಪಡಬೇಕಿತ್ತು. ಪಟ್ಟೆ ಕೂಡ, ಸ್ವಲ್ಪ. ಆದರೆ ನನಗೆ ಆರತಿ ಎತ್ತಿ ಅಭ್ಯಾಸವಿಲ್ಲ. ಯಾವ ಕಡೆಯಿಂದ ಸುತ್ತಬೇಕು ಎನ್ನುವುದೂ ಗೊತ್ತಿಲ್ಲ. ಬಸುರಿಯ ಮುಂದೆ ಹರಿವಾಣ ಸುತ್ತಿದರೆ ಏನಾಗುತ್ತದೆ ಎಂದು ಎಷ್ಟೋ ಜಗಲಿಗಳಲ್ಲಿ ಕೇಳಿದವಳು ನಾನೇ. ಅವಳಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಕಬ್ಬಿಣದ ಮಾತ್ರೆ ತೆಗೊಳ್ಳುತ್ತಿದ್ದೀಯಾ ಎಂದು ಕೇಳಿದೆ. ತೆಗೊಳ್ಳುತ್ತಿದ್ದೇನೆ ಎಂದಳು.

ನಿನ್ನೆ ಬೆಳುವಾಯಿಗೆ ಹೋಗಿ ಅಮ್ಮನಿಗೆ ವಿಷಯ ತಿಳಿಸಿದೆ. ಅವಳು ಒಪ್ಪುವುದಿಲ್ಲ, ಮತ್ತೊಂದು ಸುತ್ತು ಮಾತಾಗುತ್ತದೆ ಎಂದುಕೊಂಡೇ ಹೋಗಿದ್ದೆ. ಅಮ್ಮ ಕೇಳಿಸಿಕೊಂಡು, ಅದು ಅವಳ ಹೊಟ್ಟೆ, ಅವಳು ಹೇಳಿದ ಹಾಗೆ ಆಗಲಿ ಎಂದಳು. ಮತ್ತೆ ನನ್ನ ಕಾಲು ನೋಡಿ, ಊದಿದೆಯಲ್ಲ, ಮೇಲೆ ಇಟ್ಟುಕೋ ಎಂದು ಮಂಚದಲ್ಲಿ ಸ್ವಲ್ಪ ಜಾಗ ಬಿಟ್ಟು ಸರಿದಳು. ನಾನು ಕಾಲು ಚಾಚಿ ಗೋಡೆಗೆ ಒರಗಿ ಕುಳಿತೆ. ಅತ್ತಿಗೆ ಚಹಾ ತಂದಳು.